ಮುಳುಗಿಸಿಟ್ಟ ದೋಣಿ

“ಎತ್ರೋ ಈ ಹೆಣಾನ! ನಿಮ್ಮಪ್ಪನ ಸ್ಮಶಾನ ಅಂದ್ಕೊಂಡಿದೀರೇನೋ ಇದು?”

ಸೀಟಿ ಮೇಸ್ತ್ರಿ ಕೊರಳಲ್ಲಿನ ಸೀಟಿ ಹಾರುವಂತೆ ದೋಣಿಯ ಪಕ್ಕೆಗೆ ಒದ್ದ. ಒದ್ದ ಕಡೆ ಹಳೆಯ ಡಾಂಬರು ಚಕ್ಕೆ ಚಕ್ಕೆಯಾಗಿ ಉದುರಿತು. ದೋಣಿಯ ಕೆಳಗೆ ಒಂದೇ ಕೈಯಲ್ಲಿ ದಿಮ್ಮಿ ಕೊಡುತ್ತಿದ್ದ ನನ್ನ ತಮ್ಮ ಮೋಟ ತಲೆ ಎತ್ತಲಿಲ್ಲ. ನಾನೂ ನನ್ನ ಮಗಳೂ ಆಚೆ ಪಕ್ಕೆಗೆ ಬೆನ್ನು ಕೊಟ್ಟು ನಿಂತಿದ್ದೆವು. ನಾವು ಬೆನ್ನು ತೆಗೆದರೆ ದೋಣಿ ಅವನ ಮೇಲೆ ಬೀಳುವುದು. ಹಾಗಾಗಿ ಬೈಗುಳವನ್ನು ನಿಂತಲ್ಲೇ ಕೇಳಿಸಿಕೊಳ್ಳಬೇಕಾಯಿತು.

“ಕೇಳಿಸ್ತಿಲ್ವೇನೋ ಸೂಳೆಮಗನೆ? ಕೈ ಹೋದಾಗ ಕಿವೀನೂ ಹೋಯ್ತಾ?”

“ಕೇಳ್ತಿದೆ ಮೇಸ್ತ್ರಿ. ಈ ದಿಮ್ಮಿ ಒಂದು ಕೂತ್ಕೊಳ್ಳಲಿ, ಆಮೇಲೆ ಆರಾಮಾಗಿ ಕೂತು ಬೈಸ್ಕೋತೀವಿ,” ಎಂದ ಮೋಟ.

ಮಗಳು ಕಿಸಕ್ಕನೆ ನಕ್ಕಳು. ನಾನು ಅವಳ ಕಾಲು ತುಳಿದೆ.

ಮೀನುದೋಣಿಗಳು ಬಂದು ನಿಲ್ಲುವ ಈ ದಕ್ಕೆಯಲ್ಲಿ ನಮ್ಮನ್ನು ಹೆಕ್ಕೋರು ಎನ್ನುತ್ತಾರೆ. ಬುಟ್ಟಿಯಿಂದ ಜಾರಿ ಬಿದ್ದ ಮೀನನ್ನು ಮರಳಿನಲ್ಲಿ ಹೆಕ್ಕಿ ತಿಂದವರ ಮಕ್ಕಳು ಮೊಮ್ಮಕ್ಕಳು ನಾವು. ಬಲೆ ಎಳೆಯುತ್ತೇವೆ, ಮೀನು ಆರಿಸುತ್ತೇವೆ, ಕರುಳು ಬಳಿಯುತ್ತೇವೆ, ದೋಣಿ ಹೊತ್ತು ನೀರಿಗಿಳಿಸುತ್ತೇವೆ. ದೋಣಿ ಇಟ್ಟುಕೊಳ್ಳುವುದಿಲ್ಲ. ಇಟ್ಟುಕೊಳ್ಳಬಾರದು ಎಂದು ಎಲ್ಲೂ ಬರೆದಿಲ್ಲ. ಬರೆಯುವ ಅಗತ್ಯ ಅಲ್ಲಿಯವರೆಗೆ ಯಾರಿಗೂ ಬಿದ್ದಿರಲಿಲ್ಲ.

ಮೋಟನ ಎಡಗೈ ಹೋಗಿದ್ದು ದಕ್ಕೆಯ ಧಣಿಯ ದೊಡ್ಡ ದೋಣಿಯಲ್ಲಿ, ಹಗ್ಗ ಸುತ್ತುವ ಯಂತ್ರಕ್ಕೆ ಸಿಕ್ಕಿ. ಕಚೇರಿ ಕಚೇರಿ ಅಲೆದ ಮೇಲೆ ಬಂದ ಪರಿಹಾರವನ್ನು ಅವನು ಬಿಚ್ಚಿಯೂ ನೋಡದೆ ಅಳಿವೆಯಾಚೆ ತೆಗೆದುಕೊಂಡು ಹೋಗಿ, ಒಬ್ಬ ಸತ್ತ ಬೆಸ್ತನ ಹೆಂಡತಿಯ ಕೈಗಿಟ್ಟು, ಅವಳ ಹಿತ್ತಲ ಕೊಟ್ಟಿಗೆಯಲ್ಲಿ ಕವುಚಿ ಹಾಕಿದ್ದ ಈ ದೋಣಿಯನ್ನು ತಂದ. ವರ್ಷಗಟ್ಟಲೆ ಅದರ ಬೆನ್ನಿನ ಮೇಲೆ ಕೋಳಿಗಳು ಮಲಗಿದ್ದವು. ಯಾರಾದರೂ ಕೇಳಿದರೆ ಮೋಟ, “ಇದು ದೋಣಿ ಅಲ್ಲ, ನನ್ನ ಎಡಗೈ. ಸ್ವಲ್ಪ ಉದ್ದ ಬೆಳೆದಿದೆ,” ಎನ್ನುತ್ತಿದ್ದ.

ಕೊಡುವಾಗ ಆ ಹೆಂಗಸು ಒಂದು ಮಾತು ಹೇಳಿದ್ದಳು. “ನೋಡಪ್ಪ, ಮೊದ್ಲು ಮುಳುಗ್ಸು. ನೀರು ಕಂಡು ಎಷ್ಟೋ ಕಾಲ ಆಯ್ತು, ಬಾಯಾರಿದೆ ಅದು. ಹೊಟ್ಟೆ ತುಂಬ ಕುಡೀಲಿ. ಆಮೇಲೆ ಎತ್ತಿ ಏನು ರಿಪೇರಿ ಮಾಡ್ತೀಯೋ ಮಾಡು.”

ಮರದ ದೋಣಿ ಒಣಗಿದರೆ ಹಲಗೆ ಕುಗ್ಗಿ ಸಂದು ಬಾಯಿ ಬಿಡುತ್ತದೆ. ಅಲೆಯಿಲ್ಲದ ನೀರಲ್ಲಿ ಕಲ್ಲು ಹೇರಿ ಮುಳುಗಿಸಿಟ್ಟರೆ ಹಲಗೆ ನೀರು ಕುಡಿದು ಉಬ್ಬಿ, ಒಂದನ್ನೊಂದು ಒತ್ತಿ, ಬಿಟ್ಟ ಬಾಯನ್ನು ತಾನೇ ಮುಚ್ಚಿಕೊಳ್ಳುತ್ತದೆ. ಅದಕ್ಕೆ ಬೇಕಾದ್ದು ಎರಡೇ: ತೆಪ್ಪಗಿರುವ ನೀರು, ಕಾಯುವ ತಾಳ್ಮೆ. ತಾಳ್ಮೆ ನಮ್ಮಲ್ಲಿ ಬೇಕಾದಷ್ಟಿತ್ತು. ತೆಪ್ಪಗಿರುವ ನೀರು ಇದ್ದದ್ದು ದಕ್ಕೆಯ ಗೋಡೆಯ ಒಳಗೆ ಮಾತ್ರ.

ದಿಮ್ಮಿ ಕೂತು ನಾವು ಬೆನ್ನು ತೆಗೆಯುವಷ್ಟರಲ್ಲಿ ಧಣಿ ಬಂದ. ಐಸ್ ಮನೆಯಿಂದ ಬಂದವನ ತಲೆಯ ಮೇಲೆ ಒದ್ದೆ ಕರವಸ್ತ್ರ. ಅವನ ಹಿಂದೆ ಮೀನು ಆರಿಸುವ ಶೆಡ್ಡಿನಿಂದ ಹತ್ತಾರು ಜನ ಕೈಯೊರೆಸಿಕೊಳ್ಳುತ್ತ ಬಂದರು. ಅವರೂ ನಮ್ಮವರೇ.

“ಏನೋ ಸಾಹುಕಾರ, ಹಡಗು ತಂದೆಯಂತೆ?” ಧಣಿ ಹಲಗೆಯ ಸಂದಿಗೆ ಬೆರಳು ತೂರಿಸಿದ. ಬೆರಳು ಉಂಗುರದವರೆಗೆ ಹೋಯಿತು. “ಇದು ದೋಣಿನೋ, ಹಿಟ್ಟಿನ ಜರಡಿನೋ? ಏ ಮುದುಕಿ, ಹತ್ತು ಒಳಗೆ. ಹತ್ತಿ ಕೂತ್ಕೋ.”

ನಾನು ಮೋಟನ ಮುಖ ನೋಡಿದೆ.

“ಅವನನ್ನೇನು ನೋಡ್ತೀಯ? ಕೂತ್ಕೋ ಅಂದೆ.”

ಹತ್ತಿ ಕೂತೆ. ಧಣಿ ಬಗ್ಗಿ ಸಂದಿಗೆ ಕಣ್ಣಿಟ್ಟ. “ಕಾಣ್ತೀಯ ಕಣೇ. ಸೀರೆ ಹರಿದಿರೋದೂ ಕಾಣ್ತದೆ.” ಸುತ್ತ ನಿಂತವರು ನಕ್ಕರು. ನಗದಿದ್ದರೆ ನಾಳೆ ಶೆಡ್ಡಿಗೆ ಕರೆಯುವುದಿಲ್ಲವೆಂದು ಅವರಿಗೆ ಗೊತ್ತಿತ್ತು.

ಮೋಟ ದಿಮ್ಮಿ ಬಿಟ್ಟು ಎದ್ದ. “ಧಣಿ, ಬಾಯಾರಿರೋ ದೋಣಿ. ಗೋಡೆ ಮೂಲೇಲಿ ಸ್ವಲ್ಪ ದಿನ ಮುಳುಗ್ಸಿ ಇಟ್ಕೋತೀವಿ. ಯಾರಿಗೂ ಅಡ್ಡ ಆಗಲ್ಲ.”

“ನಮ್ಮ ದೋಣಿ ನಿಲ್ಲೋ ನೀರಲ್ಲಿ ನಿಮ್ಮ ದೋಣಿ ಮುಳುಗ್ಸೋದಾ? ಆಮೇಲೆ ಆ ನೀರನ್ನ ನಾವೇನು ಮಾಡೋಣ? ತೊಳೆಯೋಣಾ?” ಧಣಿ ಸಿಟ್ಟಾಗಿರಲಿಲ್ಲ. ನಿಜಕ್ಕೂ ಕೇಳುವವನ ಹಾಗೆ ಕೇಳಿದ. “ಬಾಯಾರಿದೆ ಅಂತಾನಲ್ಲೋ ಸೀಟಿ, ಪಾಪ. ಕುಡಿಸು.”

ಸೀಟಿ ಮೇಸ್ತ್ರಿ ಶೆಡ್ಡಿನ ಬಾಗಿಲಲ್ಲಿದ್ದ ಬಕೆಟ್ ತಂದ. ಅಳಿವೆಯ ಮೀನು ತೊಳೆದ ನೀರು, ರಕ್ತ, ಪೊರೆ, ಕರುಳು. ತಂದವನು ನನ್ನ ತಲೆಯ ಮೇಲಿಂದಲೇ ಸುರಿದ. ಅದು ನನ್ನ ಮೈಯಿಂದ ದೋಣಿಗಿಳಿದು, ಒಂದೊಂದು ಸಂದಿಯಿಂದಲೂ ಹೊರಗೆ ಸುರಿದು ಮರಳಿಗೆ ಇಂಗಿತು. ಈ ಸಲ ಸುತ್ತಲಿದ್ದವರಲ್ಲಿ ಕೆಲವರು ನಗಲಿಲ್ಲ.

“ಮೀನು ಹಿಡಿಯೋ ತಡೆ ಮುಗಿದು ಕಡಲು ತೆರೆಯೋ ದಿನ ಮೀನು ಇಲಾಖೆ ಸಾಹೇಬ್ರು ಬರ್ತಾರೆ,” ಎಂದ ಧಣಿ. “ಅವತ್ತು ನೀರ ಮೇಲೆ ತೇಲ್ತಿದ್ರೆ ಮೂತಿಗೆ ಗುರುತು ಹಾಕ್ತಾರೆ. ತೇಲಲಿಲ್ಲ ಅಂದ್ರೆ ಒಲೆಗೆ ಹಾಕ್ಕೊಳ್ಳಿ. ಮತ್ತೆ ಆ ಕೋಣೆ ಅವತ್ತಿಗೆ ಖಾಲಿ ಮಾಡಿ. ನನ್ನ ಸಾಲುಮನೇಲಿ ನನ್ನ ಆಳುಗಳು ಇರ್ತಾರೆ. ದೋಣಿ ಯಜಮಾನ್ರು ಇರಲ್ಲ.”

ಗುರುತು ಎಂದರೆ ದೋಣಿಯ ಮೂತಿಗೆ ಬಳಿಯುವ ಒಂದು ಬಣ್ಣದ ಪಟ್ಟೆ, ಅಷ್ಟೆ. ಅದಿಲ್ಲದ ದೋಣಿ ಹಿಡಿದ ಮೀನನ್ನು ಇಡೀ ದಡದಲ್ಲಿ ಯಾರೂ ಮುಟ್ಟುವಂತಿಲ್ಲ. ಆ ದಿನ ತಪ್ಪಿದರೆ ಮುಂದಿನ ವರ್ಷ.

ನಾನು ಇಳಿದು ಕಡಲಿಗೆ ಹೋಗಿ ಸೀರೆ ಸಮೇತ ಮುಳುಗಿ ಬಂದೆ. ನನ್ನನ್ನೂ ಮಗಳನ್ನೂ ಆ ಹೊತ್ತಿನಿಂದಲೇ ಶೆಡ್ಡಿನಿಂದ ತೆಗೆದಿದ್ದರು.

*

ಐಸ್ ಮನೆಯ ಹಿಂದಿನ ಸಾಲಿನಲ್ಲಿ ನಮ್ಮ ಕೋಣೆ. ತಗಡಿನ ಮಾಡು. ಐಸ್ ಮನೆಯ ಗೋಡೆಯೇ ನಮ್ಮ ಹಿಂದಿನ ಗೋಡೆಯಾದ್ದರಿಂದ ಅದು ಬೇಸಿಗೆಯಲ್ಲೂ ಬೆವರುತ್ತಿತ್ತು. ಆ ಗೋಡೆಗೆ ಬೆನ್ನು ತಾಗದ ಹಾಗೆ ಮಲಗುವುದನ್ನು ನನ್ನ ಮಗಳು ಹಾಲು ಕುಡಿಯುವಾಗಲೇ ಕಲಿತಿದ್ದಳು.

ಅಳಿಯ ಕೆಲಸ ಬಿಟ್ಟಿರಲಿಲ್ಲ. ದೋಣಿಗಳನ್ನು ದಡಕ್ಕೆಳೆಯುವ ಧಣಿಯ ಟ್ರ್ಯಾಕ್ಟರನ್ನು ಓಡಿಸುವವನು ಅವನೇ. ನಮ್ಮನ್ನೆಲ್ಲ ತೆಗೆದ ಧಣಿ ಅವನನ್ನು ಮಾತ್ರ ಹೆಗಲು ತಟ್ಟಿ ಇಟ್ಟುಕೊಂಡಿದ್ದ.

“ಯಾಕೆ ಇಟ್ಕೊಂಡಿದಾನೆ ಗೊತ್ತಾ ನಿಂಗೆ?” ಎಂದಳು ಮಗಳು, ತಟ್ಟೆಯನ್ನು ಅವನ ಮುಂದೆ ಕುಕ್ಕಿ.

“ಯಾಕಾದ್ರೂ ಇಟ್ಕೊಳ್ಳಲಿ. ನಾನೂ ಬಿಟ್ಟು ಬಂದ್ರೆ ಒಲೆ ಮೇಲೆ ಏನಿಡ್ತೀಯ? ದೋಣಿ ಹಲಗೆ ಬೇಯಿಸ್ತೀಯಾ?”

“ನಿನ್ನ ಮೀಸೆ ಬೇಯಿಸ್ತೀನಿ. ಗಂಡಸಿನ ಮುಖದ ಮೇಲೆ ಅದಕ್ಕಿನ್ನೇನು ಕೆಲಸ?”

“ಅತ್ತೆ, ನೋಡಿ ನಿಮ್ಮ ಮಗಳ ಬಾಯಿ.”

“ನಾನು ಹೆತ್ತಿದ್ದು ಕಣಪ್ಪ, ಹೊಲಿದಿದ್ದಲ್ಲ. ಉಣ್ಣು ನೀನು,” ಎಂದೆ.

ಅವನು ಕೆಟ್ಟವನಲ್ಲ. ಊಟ ಮುಗಿಸಿ ಹೊರಡುವಾಗ ಅಂಗಿಯೊಳಗಿಂದ ಒಂದು ಪೊಟ್ಟಣ ತೆಗೆದು ಮೋಟನ ಮುಂದಿಟ್ಟ. ಧಣಿಯ ದೋಣಿ ರಿಪೇರಿ ಅಂಗಳದಿಂದ ಎತ್ತಿ ತಂದ ಹತ್ತಿ, ಚಪ್ಪಟೆ ಉಳಿ. “ನಾನು ತಂದೆ ಅಂತ ಎಲ್ಲೂ ಬಾಯಿ ಬಿಡಬೇಡಿ ಮಾವ,” ಎಂದು ಹೇಳಿ, ಉತ್ತರಕ್ಕೂ ಕಾಯದೆ ಹೋದ.

*

ಸಂದಿಗೆ ಹತ್ತಿ ಹೊಡೆಯುವುದರಲ್ಲಿ ಮೋಟನನ್ನು ಮೀರಿಸುವವರು ದಡದಲ್ಲಿರಲಿಲ್ಲ. ಕೈ ಇದ್ದಾಗ ಧಣಿಯ ಎಲ್ಲ ದೋಣಿಗಳಿಗೂ ಅವನೇ ಹೊಡೆಯುತ್ತಿದ್ದ. ಈಗ ಮಗಳು ಉಳಿ ಹಿಡಿಯುತ್ತಿದ್ದಳು, ಅವನು ಮರದ ಕೊಡತಿ ಬೀಸುತ್ತಿದ್ದ. ನಾನು ಮರಳಿನ ಮೇಲೆ ಕಾಲು ಚಾಚಿ ಕೂತು ತೊಡೆಯ ಮೇಲೆ ಹತ್ತಿ ಹೊಸೆದು ಹೊಸೆದು ಬತ್ತಿ ಮಾಡಿ ಕೊಡುತ್ತಿದ್ದೆ.

“ಅಕ್ಕ, ಇಷ್ಟು ಸಣ್ಣ ಬತ್ತಿ ಸಾಲಲ್ಲ. ದೀಪ ಹಚ್ತಿದೀಯಾ? ಹೆಬ್ಬೆರಳು ದಪ್ಪಕ್ಕೆ ಮಾಡು.”

“ಆಕೆ ಮೊದ್ಲು ಕುಡಿಸು ಅಂದಿದ್ಲಲ್ಲೋ,” ಎಂದೆ.

“ಎಲ್ಲಿ ಕುಡಿಸ್ಲಿ? ನಿನ್ನ ತಂಬಿಗೇಲಾ?” ಅವನು ಕೊಡತಿ ನಿಲ್ಲಿಸಲಿಲ್ಲ. “ಕುಡಿಯೋಕೆ ಬಿಡಲ್ಲ ಅಂದ್ರು. ತೇಲಿಸು ಅಂದ್ರು. ತೇಲಿಸ್ತೀನಿ. ಒಂದು ಹನಿ ಒಳಗೆ ಬಂದ್ರೆ ಈ ಕೈನೂ ಕಡಿದು ಕೊಡ್ತೀನಿ ಆ ಬೋಳಿಮಗನಿಗೆ.”

“ಮಾವ, ಆಮೇಲೆ ಊಟ ನಾನು ಮಾಡಿಸ್ಬೇಕಾ? ನಂಗಾಗಲ್ಲಪ್ಪ,” ಎಂದಳು ಮಗಳು.

“ನಿನ್ನ ಗಂಡ ಮಾಡಿಸ್ತಾನೆ ಬಿಡೇ. ಯಾರು ಹೇಳಿದ್ದನ್ನಾದ್ರೂ ಮಾಡ್ತಾನೆ ಅವನು.”

ನಕ್ಕೆವು. ಆ ದಿನಗಳಲ್ಲಿ ನಾವು ತುಂಬ ನಗುತ್ತಿದ್ದೆವು. ಒಲೆ ದಿನಕ್ಕೆ ಒಂದೇ ಹೊತ್ತು ಉರಿಯುತ್ತಿತ್ತು, ಹೊಟ್ಟೆ ಹಗುರವಾಗಿದ್ದರಿಂದಲೋ ಏನೋ ನಗು ಬೇಗ ಬರುತ್ತಿತ್ತು. ಶೆಡ್ಡಿನ ಹೆಂಗಸರು ಹೊರಕ್ಕೆ ಹೋಗುವ ನೆಪದಲ್ಲಿ ನಮ್ಮ ಕಡೆ ಹಾದು, “ಎಲ್ಲೀವರೆಗೆ ಬಂತು?” ಎಂದು ತುಟಿ ಅಲುಗಿಸದೆ ಕೇಳಿ ಹೋಗುತ್ತಿದ್ದರು. ಒಬ್ಬಳು ಒಂದು ಸಲ ಸೆರಗಿನಿಂದ ಎರಡು ಮೀನು ನನ್ನ ಮಡಿಲಿಗೆ ಬೀಳಿಸಿ ಹೋದಳು.

ಮೋಟ ಒಣಗಿದ ಸಂದಿಗೆ ಹತ್ತಿಯನ್ನು ಇನ್ನು ಒಂದು ಎಳೆಯೂ ಹಿಡಿಯದಂತೆ ತುರುಕಿದ. ಕೊಡತಿ ಏಟಿಗೆ ಹತ್ತಿ ಕಲ್ಲಾಗುತ್ತಿತ್ತು. ಅದರ ಮೇಲೆ ಕಾಯಿಸಿದ ಡಾಂಬರು ಎಳೆದ. ಧಣಿಯ ಅಂಗಳದಲ್ಲಿ ಹಾಗೇ ಮಾಡುವುದು, ಹಾಗೆ ಮಾಡಿದರೇ ಕೆಲಸಗಾರ. ಆದರೆ ಧಣಿಯ ದೋಣಿಗಳು ನೀರಿನಿಂದ ಎದ್ದು, ಮೈ ಆರುವುದರೊಳಗೆ ಮತ್ತೆ ನೀರಿಗೆ ಇಳಿಯುವಂಥವು. ಅವುಗಳ ಹಲಗೆಗಳು ಯಾವಾಗಲೂ ಉಂಡ ಹೊಟ್ಟೆಯಲ್ಲೇ ಇರುತ್ತಿದ್ದವು. ಹಸಿದ ಹಲಗೆಯ ದೋಣಿಗೆ ಕೈ ಹಾಕುವ ಸಂದರ್ಭ ನಮಗೆ ಅಲ್ಲಿ ಬಂದೇ ಇರಲಿಲ್ಲ.

*

ಕಡಲು ತೆರೆಯಲು ಇನ್ನೂ ಕೆಲವು ದಿನ ಇರುವಾಗ ಒಂದು ಬೆಳಿಗ್ಗೆ ನೀರಿಗಿಳಿಸಿದೆವು. ತೇಲುವ ದೋಣಿಯನ್ನು ಸೀಟಿ ಬೇಡವೆನ್ನುವಂತಿರಲಿಲ್ಲ. ಅವನು ಗೋಡೆಯ ಮೇಲೆ ನಿಂತು ಬಾಯಲ್ಲಿ ಸೀಟಿ ಕಚ್ಚಿಕೊಂಡು, ಊದದೆ, ನೋಡುತ್ತಿದ್ದ.

ದೋಣಿ ತೇಲಿತು. ಮೋಟ ಒಳಗೆ ಮಂಡಿಯೂರಿ, ಅಂಗೈಯಿಂದ ತಳವನ್ನು ಸವರಿ ಸವರಿ ನೋಡಿದ. ಕೈಯನ್ನು ನಮ್ಮ ಕಡೆ ಎತ್ತಿ ತೋರಿಸಿದ. ಒಣಗಿತ್ತು. ಮಗಳು ಸೊಂಟದುದ್ದ ನೀರಲ್ಲಿ ನಿಂತು ಅಳುತ್ತಿದ್ದಳು. “ಯಾಕೆ ಅಳ್ತೀಯ, ನೀರು ಜಾಸ್ತಿ ಆಗ್ತದೆ,” ಎಂದೆ. ನನ್ನ ಕಣ್ಣೂ ಅದೇ ಕೆಲಸದಲ್ಲಿತ್ತು.

ಮಾರನೆಯ ದಿನ ಸಂಜೆ ದೋಣಿಯೊಳಗಿಂದ ಸದ್ದು ಬಂತು. ಒಣಸೌದೆ ಮಂಡಿಗೆ ಕೊಟ್ಟು ಮುರಿದಂಥ ಸದ್ದು. ಮೊದಲು ಒಂದು. ನಾವು ಮೂವರೂ ಮುಖ ಮುಖ ನೋಡಿಕೊಂಡೆವು. ಸ್ವಲ್ಪ ಹೊತ್ತಿಗೆ ಇನ್ನೊಂದು.

ಮೋಟ ಒಳಗೆ ಹಾರಿದ. ಹಲಗೆಗಳು ನೀರು ಕುಡಿಯತೊಡಗಿದ್ದವು. ಕುಡಿದು ಉಬ್ಬಲು ನೋಡಿದರೆ ಉಬ್ಬಲು ಜಾಗವಿಲ್ಲ. ಸಂದಿ ತುಂಬ ಕಲ್ಲಿನಂಥ ಹತ್ತಿ. ಹಲಗೆ ಹಲಗೆಯನ್ನು ನೂಕಿ, ನೂಕಿದ್ದು ಹೊರಕ್ಕೆ ಬಾಗಿ, ಅದನ್ನು ಹಿಡಿದಿದ್ದ ಒಳಗಿನ ಅಡ್ಡಮರ ನಡುವಿಗೆ ಸೀಳಿತ್ತು. ಮೋಟ ಅದರ ಮೇಲೆ ಅಂಗೈ ಇಟ್ಟ. ಅವನ ಕೈಯಡಿಯಲ್ಲೇ ಮೂರನೆಯದು ಸದ್ದು ಮಾಡಿತು.

“ನಾನೇ ಕೊಂದೆ ಅಕ್ಕ,” ಎಂದ.

“ಇನ್ನೂ ಸತ್ತಿಲ್ಲ. ಹತ್ತಿ ಕೀಳು.”

“ಆಕೆ ಹೇಳಿದ್ಲು. ಬಾಯಾರಿದೆ ಅಂತ ಬಾಯಿ ಬಿಟ್ಟು ಹೇಳಿದ್ಲು. ಬಾಯಾರಿದೋಳ ಬಾಯಿಗೆ ಬಟ್ಟೆ ತುರುಕ್ದೆ ನಾನು.”

“ಮಾವ, ಕೀಳು ಅಂದ್ಲಲ್ಲ ಅವ್ವ! ಆಮೇಲೆ ಅಳು, ನಾನೂ ಜೊತೆಗೆ ಕೂರ್ತೀನಿ,” ಎಂದು ಮಗಳು ಉಳಿ ಕಿತ್ತುಕೊಂಡಳು.

ಕತ್ತಲಾಗುವವರೆಗೂ ಕಿತ್ತೆವು, ಬೆಳಕಾಗುತ್ತಲೇ ಮತ್ತೆ ಕಿತ್ತೆವು. ಹೊಡೆಯುವಾಗ ನಗುತ್ತಿದ್ದ ಕೈಗಳು ಕೀಳುವಾಗ ಉಗುರು ಕಳೆದುಕೊಂಡವು. ಸೀಳಿದ ಅಡ್ಡಮರಗಳ ಪಕ್ಕಕ್ಕೆ ಹೊಸ ತುಂಡು ಕೂರಿಸಿ ಮೊಳೆ ಬಡಿದೆವು. ನಮ್ಮ ಕೋಣೆಯಲ್ಲಿ ಮಲಗುವ ಹಲಗೆಯೊಂದಿತ್ತು, ನನ್ನ ಗಂಡ ಮಾಡಿದ್ದು. ಅದನ್ನೇ ಕೊಯ್ದೆವು. ಹತ್ತಿ ಕಿತ್ತ ದೋಣಿಯೊಳಗೆ ನೀರು ತುಂಬಿಕೊಳ್ಳತೊಡಗಿತು. ಇನ್ನು ಅದನ್ನು ತೇಲಿಸುವ ಮಾತಿಲ್ಲ. ಕುಡಿಸುವುದೇ ಉಳಿದದ್ದು.

ಶೆಡ್ಡಿನವರು ಊಟಕ್ಕೆ ಹೋದಾಗ, ಸೀಟಿ ನೆರಳಿಗೆ ಹೋಗಿದ್ದಾಗ, ದಕ್ಕೆಯ ಗೋಡೆಯ ಮೂಲೆಗೆ ದೋಣಿಯನ್ನು ನೂಕಿಕೊಂಡು ಹೋಗಿ ಕಲ್ಲು ಹೇರಿದೆವು. ಒಂದೊಂದು ಕಲ್ಲಿಗೂ ಅದು ಸ್ವಲ್ಪ ಸ್ವಲ್ಪ ಇಳಿಯಿತು. ಕೊನೆಗೆ ಅಂಚಿನ ಮೇಲಿಂದ ನೀರು ಒಳಕ್ಕೆ ಮಗುಚಿ, ದೋಣಿ ಒಂದು ಸಲ ನಿಟ್ಟುಸಿರು ಬಿಟ್ಟ ಹಾಗೆ ಗುಳ್ಳೆ ಬಿಟ್ಟು, ತಳ ಕಂಡಿತು. ಮೂತಿ ಮಾತ್ರ ಗೇಣುದ್ದ ಮೇಲಿತ್ತು. ಬೇರೆಯವರ ದೋಣಿ ಮುಳುಗಿದರೆ ಅಳುತ್ತಾರೆ. ನಾವು ನಮ್ಮದನ್ನು ನಾವೇ ಒತ್ತಿ ಮುಳುಗಿಸಿ ಉಸಿರು ಬಿಟ್ಟೆವು.

ಸೀಟಿ ನೋಡಿದ್ದು ಆಮೇಲೆ. ಮುಖ ಕೆಂಪಾಗುವವರೆಗೆ ಊದಿದ. ಓಡಿ ಹೋಗಿ ಧಣಿಗೆ ಹೇಳಿದ. ಧಣಿ ಬಂದು ಗೋಡೆಯ ಮೇಲೆ ನಿಂತು ನೀರಿನೊಳಗೆ ಇಣುಕಿ ನೋಡಿದ. ಕಿರುಚುತ್ತಾನೆಂದು ಕಾದೆವು. ಕಿರುಚಲಿಲ್ಲ.

“ಇರ್ಲಿ ಬಿಡೋ,” ಎಂದ. “ಅವರೇ ಮುಳುಗ್ಸಿದಾರೆ. ಹಾಗೇ ಇರ್ಲಿ.”

ಅವನು ಹೋದ ಮೇಲೆ ಮೋಟ ಹೇಳಿದ: “ಅಕ್ಕ, ಬೈದಿದ್ರೆ ಚೆನ್ನಾಗಿತ್ತು.”

*

ಕಡಲು ತೆರೆಯುವ ಹಿಂದಿನ ದಿನಕ್ಕೆ ಸಂದುಗಳು ಬಹುಮಟ್ಟಿಗೆ ಮುಚ್ಚಿದ್ದವು. ಮೋಟ ನೀರೊಳಗೆ ಮುಳುಗಿ ಉಗುರಿನಿಂದ ಗೀರಿ ನೋಡಿ ಬಂದು, “ಇನ್ನೊಂದು ಸಲ ನೀರು ಏರಿ ಇಳಿಯಲಿ ಸಾಕು. ನಾಳೆ ಬೆಳಿಗ್ಗೆ ಕಲ್ಲು ತೆಗೆದು ಎತ್ತೋಣ. ಸಾಹೇಬ ಬರೋದು ಹೊತ್ತೇರಿದ ಮೇಲೆ,” ಎಂದ.

ಸಾಹೇಬ ಅವತ್ತೇ ಬಂದ.

ಕೋಣೆಯ ಸಾಮಾನನ್ನು ನಾನು ಹೊರಗೆ ಕಟ್ಟಿಡುತ್ತಿದ್ದೆ. ಸೀಟಿಯ ಸದ್ದು ಕೇಳಿ ಓಡಿದೆ. ದಕ್ಕೆಯಲ್ಲಿ ಧಣಿಯ ದೋಣಿಗಳು ಸಾಲಾಗಿ ನಿಂತಿದ್ದವು. ಸಾಹೇಬ ಮುಂದೆ, ಹಿಂದೆ ಬಣ್ಣದ ಡಬ್ಬಿ ಹಿಡಿದ ಜವಾನ, ಪಕ್ಕದಲ್ಲಿ ಧಣಿ. ಎಲ್ಲ ಮೂತಿಗೂ ಪಟ್ಟೆ ಬಿದ್ದ ಮೇಲೆ ಅವರು ನಮ್ಮ ಮೂಲೆಗೆ ಬಂದರು. ಮೋಟ ಅಂಗಿಯ ತೋಳಿನಿಂದ ಮೊಂಡುಗೈ ಮುಚ್ಚಿಕೊಂಡು ನಿಂತಿದ್ದ.

“ನಿಂದ್ಯಾವುದೋ ದೋಣಿ?”

“ಅದೇ ಸ್ವಾಮಿ. ನೀರಲ್ಲಿ ನೆನೀತಿದೆ. ನಾಳೆ ಬೆಳಿಗ್ಗೆ ಎತ್ತಿಬಿಡ್ತೀವಿ. ತಾವು ಬರೋದು ನಾಳೆ ಅಂತ…”

“ಯಾವತ್ತು ಬರ್ಬೇಕು ಅಂತ ನಿನ್ನ ಕೇಳ್ಕೊಂಡು ಬರ್ಬೇಕೇನೋ? ಮುಳುಗಿರೋ ದೋಣಿಗೆ ಬಣ್ಣ ಹಚ್ಚೋಕೆ ನಾನೇನು ಮೀನಾ?”

ಜವಾನ ನಕ್ಕ. ಸೀಟಿ ನಕ್ಕ. ಧಣಿ ನಗಲಿಲ್ಲ, ಕರವಸ್ತ್ರ ಹಿಂಡಿ ಮತ್ತೆ ತಲೆಗೆ ಹಾಕಿಕೊಂಡ.

ಮೋಟ ಸಾಹೇಬನ ಕಾಲಿಗೆ ಬಿದ್ದ. ಒಂದೇ ಕೈ ಊರಿ ಬಿದ್ದುದರಿಂದ ಓರೆಯಾಗಿ ಬಿದ್ದ, ಗಲ್ಲ ಕಲ್ಲಿಗೆ ಬಡಿಯಿತು. “ಒಂದು ರಾತ್ರಿ ಸ್ವಾಮಿ. ಒಂದೇ ಒಂದು ರಾತ್ರಿ. ಒಣಗಿದ್ದ ದೋಣಿ, ಕುಡಿಸದೆ ತೇಲಲ್ಲ ಅದು.”

ಸಾಹೇಬ ಬಗ್ಗಿದ. ದನಿ ತಗ್ಗಿಸಿದ. ನಾನು ಹತ್ತಿರದಲ್ಲಿದ್ದೆ, ಕೇಳಿಸಿತು. “ಗೊತ್ತು ಕಣೋ. ನಮ್ಮಪ್ಪನೂ ಮುಳುಗಿಸಿಯೇ ಎತ್ತುತ್ತಿದ್ದ. ನಂಗೊತ್ತಿಲ್ವಾ?” ಎಂದು ಒಮ್ಮೆ ಧಣಿಯ ಕಡೆ ನೋಡಿ, ನೆಟ್ಟಗಾಗಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದ: “ಮುಳುಗಿದ ದೋಣಿ. ದಾರಿಗೆ ಅಡ್ಡ. ಇವತ್ತೇ ಎಳೆದು ಹಾಕಿಸಿ.”

“ಆಗ್ಲಿ ಸ್ವಾಮಿ,” ಎಂದ ಧಣಿ. “ಲೋ, ಟ್ರ್ಯಾಕ್ಟರ್ ತರ್ಸು.”

ಟ್ರ್ಯಾಕ್ಟರ್ ತರುವವನು ಯಾರೆಂದು ಎಲ್ಲರಿಗೂ ಗೊತ್ತಿತ್ತು. ಎಲ್ಲರೂ ನನ್ನ ಮಗಳ ಕಡೆ ನೋಡಿದರು.

ಹೊಟ್ಟೆ ತುಂಬ ನೀರು, ನೀರಿನೊಳಗೆ ಕಲ್ಲು. ಅದನ್ನು ಹಾಗೇ ಸರಪಳಿ ಹಾಕಿ ಎಳೆದರೆ ಗೋಡೆಯ ಮೆಟ್ಟಿಲು ದಾಟುವುದರೊಳಗೆ ಎರಡು ಹೋಳಾಗುತ್ತದೆ. ಮೋಟ ಇನ್ನೂ ನೆಲದಲ್ಲೇ ಇದ್ದ. ಗಲ್ಲದಿಂದ ರಕ್ತ ಇಳಿಯುತ್ತಿತ್ತು. “ಕಲ್ಲಾದ್ರೂ ತೆಗೀತೀವಿ ಧಣಿ, ಕಲ್ಲು ತೆಗೆಯೋಕಾದ್ರೂ ಬಿಡಿ,” ಎನ್ನುತ್ತಿದ್ದ. ಧಣಿ ಅವನ ಕಡೆ ಬಗ್ಗಿ, “ಕಟ್ಟಿಗೆ ನೀನೇ ತಗೋ. ನಾಳೆಯಿಂದ ಶೆಡ್ಡಿಗೆ ಬಾ. ಒಂದು ಕೈಗೆ ಆಗೋ ಕೆಲಸ ಏನಾದ್ರೂ ಕೊಡ್ತೀನಿ. ನಾನೇನು ಕಟುಕನಾ?” ಎಂದ.

ಟ್ರ್ಯಾಕ್ಟರ್ ಹಿಮ್ಮುಖವಾಗಿ ಬಂದು ನೀರಿನ ಅಂಚಿಗೆ ನಿಂತಿತು. ಅಳಿಯ ಇಳಿಯಲಿಲ್ಲ. ಸ್ಟೇರಿಂಗ್ ಮೇಲೆ ಎರಡೂ ಕೈ ಇಟ್ಟುಕೊಂಡು ಮುಂದೆ ನೋಡುತ್ತ ಕೂತ. ಮುಂದೆ ನೋಡಲು ಐಸ್ ಮನೆಯ ಗೋಡೆ ಬಿಟ್ಟರೆ ಏನೂ ಇರಲಿಲ್ಲ.

ಮಗಳು ಸೆರಗು ಸಿಕ್ಕಿಸಿ ನೀರಿಗಿಳಿದಳು. ಯಾರೂ ಏನೂ ಹೇಳುವ ಮೊದಲೇ ದೋಣಿಯ ಅಂಚನ್ನು ಕಾಲಿನಿಂದ ತಡವಿ ದಾಟಿ, ಒಳಗಿಳಿದು, ಮೂತಿಯ ಬಳಿಯ ಅಡ್ಡಪಟ್ಟಿಯ ಮೇಲೆ ಕೂತಳು. ನೀರು ಅವಳ ಎದೆಗೆ ಬಂತು.

“ಅವ್ವ, ಬಾ,” ಎಂದಳು. ಸಂಜೆ ಕಟ್ಟೆಯ ಮೇಲೆ ಕೂರಲು ಕರೆದ ಹಾಗೆ ಕರೆದಳು.

ಹೋದೆ. ನಡುವಿನ ಪಟ್ಟಿಯ ಮೇಲೆ ಕೂತೆ. ನಾನು ಗಿಡ್ಡೆ, ನೀರು ಕೊರಳಿಗೆ ಬಂತು. ಸ್ವಲ್ಪ ಹೊತ್ತಿಗೆ ಮೋಟ ಎದ್ದು ಬಂದು ಹಿಂದೆ, ಚುಕ್ಕಾಣಿ ಹಿಡಿಯುವವನ ಜಾಗದಲ್ಲಿ ಕೂತ. ಕಡಲಿಗೆ ಹೊರಟವರ ಹಾಗೆ ಮೂವರೂ ಮೂತಿಯ ಕಡೆ ಮುಖ ಮಾಡಿ ಕೂತಿದ್ದೆವು. ತಲೆಗಳು ಮಾತ್ರ ಮೇಲೆ.

“ಏಳ್ರೇ ಲೌಡೀರಾ!” ಸೀಟಿ ದಡದಲ್ಲಿ ಕುಣಿದ. “ಮೇಲೆ ಬರ್ತೀರೋ ಇಲ್ವೋ?”

“ಸ್ವಾಮಿ, ದೋಣಿ ಜನ ಹೊತ್ತಿದೆ ಅಂತ ಬರ್ಕೊಳ್ಳಿ,” ಎಂದು ಕೂಗಿದ ಮೋಟ.

ಸಾಹೇಬ ಜೀಪಿನ ಕಡೆ ಹೊರಟಿದ್ದವನು ಒಂದು ಗಳಿಗೆ ನಿಂತ. ಆಮೇಲೆ ಹೋದ.

“ಎಳೀರೋ,” ಎಂದ ಧಣಿ. “ನೀರು ಮೂಗಿಗೆ ಬಂದಾಗ ತಾವೇ ಎದ್ದೋಡ್ತಾರೆ.”

ಸರಪಳಿ ಸಿಗಿಸುವ ಕಬ್ಬಿಣದ ಬಳೆ ಮೂತಿಯ ಒಳಗೆ, ತಳದಲ್ಲಿತ್ತು. ಸಿಗಿಸಬೇಕಾದರೆ ಯಾರಾದರೂ ನೀರಿಗಿಳಿದು, ನಮ್ಮ ನಡುವೆ ಬಂದು, ಮುಳುಗಬೇಕು. ಸೀಟಿ ಪ್ಯಾಂಟಿನ ಕಾಲು ಮಡಚಿದವನು ಮತ್ತೆ ಬಿಚ್ಚಿದ. ನಾವು ಕೂತ ನೀರಿಗೆ ಅವನು ಇಳಿಯುವುದು ಹೇಗೆ? ಶೆಡ್ಡಿನ ಗಂಡಸರತ್ತ ಸರಪಳಿಯ ಕೊಂಡಿ ಚಾಚಿದ. ಒಬ್ಬ ಕೆಮ್ಮಿದ. ಒಬ್ಬ ಬೀಡಿ ಹುಡುಕತೊಡಗಿದ. ಯಾರೂ ಕೈ ಮುಂದೆ ಮಾಡಲಿಲ್ಲ. ನಮ್ಮ ಕಡೆಗೂ ಯಾರೂ ಒಂದು ಹೆಜ್ಜೆ ಇಡಲಿಲ್ಲ.

“ಲೋ, ಡ್ರೈವರು!” ಎಂದ ಧಣಿ.

ಅಳಿಯ ಇಳಿದ. ಕೊಂಡಿಯನ್ನು ಸೀಟಿಯ ಕೈಯಿಂದ ತೆಗೆದುಕೊಂಡ. ಸರಪಳಿ ಎಳೆದುಕೊಂಡು ನೀರಿಗಿಳಿದು, ನಡೆದು, ದೋಣಿಯ ಮೂತಿಯ ಹತ್ತಿರ ಬಂದು ನಿಂತ. ಮಗಳ ಮುಖದಿಂದ ಮೊಳದೂರದಲ್ಲಿ ಅವನ ಮುಖ.

“ಏಳೇ,” ಎಂದ. “ಕೈ ಮುಗೀತೀನಿ, ಏಳು.”

“ಕೈಯಲ್ಲಿ ಕೊಂಡಿ ಇದೆಯಲ್ಲ. ಹೇಗೆ ಮುಗೀತೀಯ?”

“ನಾನು ಮಾಡ್ದಿದ್ರೆ ಇನ್ನೊಬ್ಬ ಮಾಡ್ತಾನೆ.”

“ಎಲ್ಲಿದಾನೆ ತೋರ್ಸು.”

ಅವನು ತಿರುಗಿ ದಡ ನೋಡಿದ. ಅಲ್ಲಿ ನಿಂತಿದ್ದವರೆಲ್ಲ ತಮ್ಮ ತಮ್ಮ ಕಾಲು ನೋಡಿಕೊಳ್ಳುತ್ತಿದ್ದರು.

“ಅತ್ತೆ…” ಎಂದ ನನ್ನ ಕಡೆ ತಿರುಗಿ.

ನಾನು ಬಾಯಿ ತೆರೆದರೆ ನೀರು ಬರುತ್ತಿತ್ತು. ತಳದ ಹಲಗೆಗಳ ಮೇಲೆ ನನ್ನ ಬರಿಗಾಲು ಇತ್ತು. ಸಂದಿಗಾಗಿ ಹೆಬ್ಬೆರಳಿನಿಂದ ತಡವಿದೆ, ಈ ಕಡೆ, ಆ ಕಡೆ. ಒಂದು ಹಲಗೆ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಗುತ್ತದೆಂದು ತಿಳಿಯಲಿಲ್ಲ.

“ಏನೋ ಅದು ಸಂಸಾರ? ಸಿಗ್ಸೋ!” ಧಣಿ ಕೂಗಿದ.

ಅಳಿಯ ಉಸಿರು ಎಳೆದುಕೊಂಡು ಮುಳುಗಿದ.

ನೀರು ತಿಳಿಯಾಗಿತ್ತು. ಅವನ ಬೆನ್ನು ಕಾಣುತ್ತಿತ್ತು, ಗಾಳಿ ತುಂಬಿ ಉಬ್ಬಿದ ಅಂಗಿ ಕಾಣುತ್ತಿತ್ತು. ಕೈ ತಳ ತಡವುತ್ತ ತಡವುತ್ತ ಬಳೆಯ ಹತ್ತಿರ ಬಂತು. ಅಲ್ಲಿ ಬಳೆಯಿರಲಿಲ್ಲ, ಬಳೆಯ ಮೇಲೆ ಒತ್ತಿ ಇಟ್ಟ ನನ್ನ ಮಗಳ ಪಾದವಿತ್ತು. ಅವನ ಕೈ ಅವಳ ಹಿಮ್ಮಡಿಯನ್ನು ಹಿಡಿಯಿತು. ಎತ್ತಲು ನೋಡಿತು. ಅವಳು ಎರಡು ಕೈಯಲ್ಲೂ ಅಂಚನ್ನು ಬಿಗಿಹಿಡಿದು ಇನ್ನೊಂದು ಪಾದವನ್ನೂ ತಂದು ಬಳೆಯ ಮೇಲಿಟ್ಟಳು.

ಗುಳ್ಳೆಗಳು ಒಂದೊಂದೇ ಮೇಲೆ ಬಂದು ಅವಳ ಗದ್ದದ ಹತ್ತಿರ ಒಡೆಯುತ್ತಿದ್ದವು. ದಡದಲ್ಲಿ ಟ್ರ್ಯಾಕ್ಟರ್ ಗುಡುಗುಡು ಎನ್ನುತ್ತಲೇ ಇತ್ತು. ಗುಳ್ಳೆಗಳು ವಿರಳವಾದವು. ಅವನು ಅವಳ ಹಿಮ್ಮಡಿ ಬಿಟ್ಟು ಮೇಲೆ ಬರಲಿಲ್ಲ. ಅವಳು ಕಾಲು ತೆಗೆಯಲಿಲ್ಲ.